ಮಳೆಗಾಲದಲ್ಲೂ ಮಾತ್ರೆ ತಪ್ಪದಿರಲು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಕೊಡಗಿನವು. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೊಡಗಿನಲ್ಲಿ ಮನೆಹೆಸರು ಹೇಳಿದರೆ ಸಾಕು, ಯಾರ ಮಗ, ಯಾರ ಅಳಿಯ ಎಂಬುದು ಮೂರು ನಾಡಿಗೆ ತಿಳಿದುಬಿಡುತ್ತದೆ. ಹಾಗೆ ತಿಳಿದುಬಿಡುತ್ತದೆ ಎಂಬ ಭಯದಿಂದಲೇ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಉಳಿಯುತ್ತಾರೆ. ಆದ್ದರಿಂದ ಹೆಸರು ಬರೆಯದೆ ಪತ್ರ ಕಳಿಸಿದವರ ಮೇಲೆ ನನಗೆ ಬೇಸರವಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಮೈಸೂರಿನಲ್ಲಿ ಓದುತ್ತಿದ್ದಾಗ, 22ನೇ ವಯಸ್ಸಿನಲ್ಲಿ, ಯಾರೋ ತನ್ನನ್ನು ಬೈಯುವ ಧ್ವನಿ ಕೇಳಿಸುತ್ತದೆ ಎಂದು ಹೇಳತೊಡಗಿದ. ಸ್ಕಿಜೋಫ್ರೀನಿಯಾ ಎಂದು ವೈದ್ಯರು ತಿಳಿಸಿ ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಂಡಷ್ಟು ಕಾಲ ತೋಟದ ಕೆಲಸಕ್ಕೂ ಹೋಗುತ್ತಾನೆ. ಆದರೆ ಪ್ರತಿ ಮಳೆಗಾಲದಲ್ಲಿ ಹೇಗೋ ಮಾತ್ರೆ ನಿಂತುಹೋಗುತ್ತದೆ, ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಮತ್ತೆ ಮೊದಲಿನಂತಾಗುತ್ತಾನೆ. ಕಳೆದ ವರ್ಷ ಅಮ್ಮ ರಾತ್ರಿ ಹೊತ್ತು ಅವನನ್ನು ಹಿಂದಿನ ಕೋಣೆಯಲ್ಲಿ ಕೂಡಿ ಚಿಲಕ ಹಾಕತೊಡಗಿದರು. ಗುಳಿಗ ದೈವಕ್ಕೆ ಸಲ್ಲಬೇಕಾದುದು ಸಂದಿಲ್ಲ ಎಂದು ಜೋಯಿಸರು ಹೇಳಿದ್ದಾರೆ. ನಾವು ಏನು ಮಾಡಬೇಕು? — ಅಕ್ಕ, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ಮಾತ್ರೆ ತೆಗೆದುಕೊಂಡಷ್ಟು ಕಾಲ ನಿಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾನೆ ಎಂದು ನೀವೇ ಬರೆದಿದ್ದೀರಿ. ಅಂದರೆ ರೋಗ ಯಾವುದೆಂದು ಗೊತ್ತಾಗಿದೆ, ಮದ್ದೂ ಹಿಡಿದಿದೆ. ಕಡಿದುಹೋಗುತ್ತಿರುವುದು ಮನೆಗೂ ಆಸ್ಪತ್ರೆಗೂ ನಡುವಿನ ಎಳೆ ಮಾತ್ರ. ಈ ಕಾಯಿಲೆಯಲ್ಲಿ ಮಾತ್ರೆ ನಿಲ್ಲಿಸಿದ ಕೂಡಲೇ ಏನೂ ಆಗುವುದಿಲ್ಲ, ಕೆಲವು ವಾರ ಮನುಷ್ಯ ಚೆನ್ನಾಗಿಯೇ ಇರುತ್ತಾನೆ. ‘ಮಾತ್ರೆ ಇಲ್ಲದೆಯೂ ಸರಿ ಇದ್ದಾನಲ್ಲ’ ಎಂದು ಮನೆಯವರಿಗೆ ಅನಿಸುವುದೂ ಆಗಲೇ. ಜೂನ್‌ನಲ್ಲಿ ನಿಂತ ಮಾತ್ರೆಯ ಫಲ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಳ್ಳುವುದರಿಂದ ಎರಡಕ್ಕೂ ಸಂಬಂಧವಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮಳೆಗಾಲದಲ್ಲಿ ಮಾತ್ರೆ ಏಕೆ ನಿಲ್ಲುತ್ತದೆ ಎಂಬುದನ್ನು ಮೊದಲು ಮನೆಯಲ್ಲಿ ಕುಳಿತು ಮಾತನಾಡಿ. ಬಸ್ಸು ಬರುವುದಿಲ್ಲವೇ, ರಸ್ತೆಗೆ ಮರ ಬಿದ್ದಿರುತ್ತದೆಯೇ, ಕರೆದುಕೊಂಡು ಹೋಗಲು ಗಂಡಸರಿಗೆ ಪುರುಸೊತ್ತಿಲ್ಲವೇ, ಅಥವಾ ತಮ್ಮನೇ ಬೇಡವೆನ್ನುತ್ತಾನೆಯೇ? ಕಾರಣ ಬೇರೆಯಾದರೆ ಪರಿಹಾರವೂ ಬೇರೆ. ದಾರಿಯ ತೊಂದರೆಯಾದರೆ ಮೇ ತಿಂಗಳ ಭೇಟಿಯಲ್ಲಿಯೇ ವೈದ್ಯರಿಗೆ ‘ನಮ್ಮ ಊರಿನಿಂದ ಆಗಸ್ಟ್‌ವರೆಗೆ ಬರುವುದು ಕಷ್ಟ’ ಎಂದು ಬಾಯಿಬಿಟ್ಟು ಹೇಳಿ, ಹೆಚ್ಚು ದಿನಗಳಿಗೆ ಮಾತ್ರೆ ಬರೆಸಿಕೊಳ್ಳಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ. ತಮ್ಮನಿಗೆ ಅದು ಹೊಂದುತ್ತದೆಯೇ ಎಂದು ಕೇಳಿ. ಹೊಂದಿದರೆ ದಿನವೂ ಮಾತ್ರೆಗಾಗಿ ಮನೆಯಲ್ಲಿ ನಡೆಯುವ ಜಗಳವೇ ನಿಲ್ಲುತ್ತದೆ. ಅವನೇ ಬೇಡವೆನ್ನುತ್ತಿದ್ದರೆ ಹಟ ಎಂದುಕೊಳ್ಳಬೇಡಿ. ಕೈ ನಡುಗುವುದು, ಮೈ ಬಿಗಿಯುವುದು, ಹಗಲಿಡೀ ತೂಕಡಿಕೆ, ತೂಕ ಏರುವುದು ಇವೆಲ್ಲ ಈ ಮಾತ್ರೆಗಳಿಂದ ಆಗಬಹುದಾದ ತೊಂದರೆಗಳು. ಪ್ರಮಾಣ ತಗ್ಗಿಸಿ ಅಥವಾ ಮಾತ್ರೆ ಬದಲಿಸಿ ಇವನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ರೋಗಿಯ ಬಾಯಿಂದ ಅದನ್ನು ಕೇಳಿ ತಿಳಿದುಕೊಳ್ಳುವ ತಾಳ್ಮೆ ವೈದ್ಯರಿಗೂ ಇರಬೇಕು, ಮನೆಯವರಿಗೂ ಇರಬೇಕು.

ಶನಿವಾರಸಂತೆಯ ಕಡೆಯ ತಾಯಿಯೊಬ್ಬರನ್ನು ಇಲ್ಲಿ ನೆನೆಯುತ್ತೇನೆ. ಅವರಿಗೆ ಓದು ಬರಹ ಬಾರದು. ಮಗನಿಗೆ ಮಾತ್ರೆ ಕೊಟ್ಟ ಪ್ರತಿ ರಾತ್ರಿ ಒಣಗಿದ ಒಂದು ಕಾಫಿ ಬೀಜವನ್ನು ಸ್ಟೀಲ್ ಲೋಟಕ್ಕೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಆ ಲೋಟವನ್ನು ಸೆರಗಿನ ಮರೆಯಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲೆ ಸುರಿದರು. ಎಣಿಸಿದರೆ 30 ಇರಬೇಕಾದಲ್ಲಿ 26 ಬೀಜ. ಉಳಿದ ನಾಲ್ಕು ದಿನ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರಂತೆ. ಆ ನಾಲ್ಕು ಬೀಜಗಳ ಕೊರತೆಯಿಂದ ನಮಗೆ ತಿಳಿದದ್ದು ಬಹಳ: ಆ ಮನೆಯಲ್ಲಿ ಮಾತ್ರೆಯ ಹೊಣೆ ಹೊತ್ತವರು ಒಬ್ಬರೇ, ಅವರು ಇಲ್ಲದ ದಿನ ಕೇಳುವವರಿಲ್ಲ. ಪಕ್ಕದ ಮನೆಯ ಚಿಕ್ಕಮ್ಮನನ್ನು ಎರಡನೆಯವರಾಗಿ ಗೊತ್ತುಮಾಡಿದ ಮೇಲೆ ಲೋಟ ತುಂಬಿಯೇ ಬರುತ್ತಿತ್ತು. ನಿಮ್ಮ ಮನೆಯಲ್ಲಿಯೂ ಆ ಎರಡನೆಯವರು ಯಾರು ಎಂಬುದನ್ನು ಇಂದೇ ತೀರ್ಮಾನಿಸಿ. ಮಾತ್ರೆಯ ಪಟ್ಟಿಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ತಾಗಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವವರನ್ನು ಕಂಡಿದ್ದೇನೆ. ಬಿಸಿಗೂ ಮಾತ್ರೆ ಕೆಡುತ್ತದೆ.

ಇನ್ನು ಚಿಲಕದ ಮಾತು. ನಿಮ್ಮ ಅಮ್ಮ ಅದನ್ನು ಕ್ರೌರ್ಯದಿಂದ ಮಾಡಿಲ್ಲ, ರಾತ್ರಿ ಮಗ ತೋಟದ ಕೆರೆಯ ಕಡೆ ಹೋದರೆ ಏನು ಗತಿ ಎಂಬ ದಿಗಿಲಿನಿಂದ ಮಾಡಿದ್ದಾರೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಅದು ನಿಲ್ಲಬೇಕು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಚಪ್ಪರಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದವರು ಓಡಲಾರದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲಿಯೂ ನಿಷೇಧಿಸಿದೆ. ಹೊರಗಿನಿಂದ ಹಾಕಿದ ಚಿಲಕವೂ ಬೆಂಕಿಯಲ್ಲಿ, ಗುಡ್ಡ ಕುಸಿತದಲ್ಲಿ ಸರಪಳಿಯಷ್ಟೇ ಅಪಾಯಕಾರಿ. ಅಷ್ಟು ಹತೋಟಿ ತಪ್ಪಿದ ಸ್ಥಿತಿ ಬಂದರೆ ಅದು ಆಸ್ಪತ್ರೆಯಲ್ಲಿ ನೋಡಿಕೊಳ್ಳಬೇಕಾದ ಸ್ಥಿತಿ. ಇಬ್ಬರು ತಜ್ಞರು ಪರೀಕ್ಷಿಸಿ ಅಗತ್ಯವೆಂದು ಒಪ್ಪಿದರೆ, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ತನ್ನ ಪ್ರತಿನಿಧಿ ಯಾರು ಎಂಬುದನ್ನು ನಿಮ್ಮ ತಮ್ಮ ಆರೋಗ್ಯವಾಗಿರುವಾಗಲೇ ಬರೆದುಕೊಡಬಹುದು. ಅದು ನೀವೇ ಆದರೆ ಒಳ್ಳೆಯದು.

ಗುಳಿಗನ ಪೂಜೆ ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಪೂಜೆಯಿಂದ ಅಮ್ಮನಿಗೆ ಧೈರ್ಯ ಬರುವುದಾದರೆ ಬರಲಿ. ಜೋಯಿಸರಲ್ಲಿ ಒಂದು ಮಾತು ಮಾತ್ರ ಕೇಳಿಕೊಳ್ಳಿ: ‘ಮಾತ್ರೆ ಬಿಡಬೇಡ ಎಂದು ನೀವೂ ಅವನಿಗೆ ಹೇಳಿ.’ ಅವರು ಹೇಳಿದರೆ ನಾನು ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚು ನಡೆಯುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ 54 ವರ್ಷ. ಎರಡು ವರ್ಷದಿಂದ ಕಾಳುಮೆಣಸಿನ ಬಳ್ಳಿಗಳು ಸೊರಗಿ ಸತ್ತವು, ಬ್ಯಾಂಕ್ ಸಾಲ ಉಳಿದಿದೆ. ಈಗ ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಊಟ ಸೇರುವುದಿಲ್ಲ, ಹುತ್ತರಿ ಹಬ್ಬಕ್ಕೆ ಊರವರು ಸೇರಿ ಕುಣಿಯುವ ಮಂದ್‌ಗೂ ಹೋಗಲಿಲ್ಲ. ಮೊನ್ನೆ ‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರವಾಗುತ್ತದೆ’ ಎಂದರು. ಬಾಯಿ ತಪ್ಪಿ ಬಂದ ಮಾತೆಂದು ಬಿಡಬಹುದೇ? — ದಕ್ಷಿಣ ಕೊಡಗಿನ ಗೃಹಿಣಿ

ಉತ್ತರ: ಬಿಡಬಾರದು, ಅಮ್ಮ. ನಿಮ್ಮ ಪತ್ರ ಕೈಸೇರಿದ ದಿನವೇ ನೀವು ಕೊಟ್ಟಿದ್ದ ಸಂಖ್ಯೆಗೆ ಕರೆ ಮಾಡಿ ಮಾತನಾಡಿದೆ. ಇಂಥದೇ ಮಾತು ಬೇರೆ ಮನೆಗಳಲ್ಲಿಯೂ ಕೇಳಿಬರುತ್ತಿರಬಹುದೆಂದು ನಿಮ್ಮ ಒಪ್ಪಿಗೆಯ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವಾರಕ್ಕೂ ಮೀರಿ ನಿದ್ರೆ ಕೆಡುವುದು, ನಸುಕಿಗೆ ಮೊದಲೇ ಎಚ್ಚರವಾಗಿ ಮನಸ್ಸು ಭಾರವಾಗುವುದು, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಬೇಡವಾಗುವುದು, ತನ್ನಿಂದ ಎಲ್ಲರಿಗೂ ಹೊರೆ ಎಂಬ ಭಾವನೆ ಇವೆಲ್ಲ ಖಿನ್ನತೆಯ ಲಕ್ಷಣಗಳು. ಸಾಲ ಇರುವುದು ನಿಜ, ಬಳ್ಳಿ ಸತ್ತದ್ದೂ ನಿಜ. ಆದರೆ ಸಾಲವಿದೆ ಎಂಬ ಕಾರಣಕ್ಕೆ ಖಿನ್ನತೆಗೆ ಮದ್ದು ಮಾಡದೆ ಬಿಡುವುದು, ಮಳೆಯಲ್ಲಿ ನೆನೆದದ್ದರಿಂದ ಬಂದ ನ್ಯುಮೋನಿಯಾಕ್ಕೆ ಮಳೆ ನಿಂತ ಮೇಲೆ ಮದ್ದು ಮಾಡೋಣ ಎಂದಂತೆ. ಖಿನ್ನತೆ ಇಳಿದ ಮೇಲೆ ಬ್ಯಾಂಕಿಗೆ ಹೋಗಿ ಸಾಲದ ಕಂತಿನ ಬಗ್ಗೆ ಮಾತನಾಡುವ ಶಕ್ತಿ ಅವರಿಗೇ ಬರುತ್ತದೆ.

‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಮಕ್ಕಳ ಮುಖ ತೋರಿಸಿ ಅಳಬೇಡಿ. ಅವರನ್ನು ಒಬ್ಬರೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆಗೆ ಹೋಗಬಹುದು. ದಾರಿ ಕಟ್ಟಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಇರುತ್ತದೆ. ತುರ್ತಾದರೆ 108ಕ್ಕೆ ಕರೆ ಮಾಡಿ.

ಕೊಡಗಿನ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅನೇಕ ಮನೆಗಳಲ್ಲಿ ಕೋವಿ ಇರುತ್ತದೆ. ಅದು ಮನೆಯ ಗೌರವ, ಕೈಲ್ ಮುಹೂರ್ತದಲ್ಲಿ ಹೂವಿಟ್ಟು ಪೂಜಿಸುವ ವಸ್ತು. ಆ ಗೌರವಕ್ಕೆ ಯಾವ ಕುಂದೂ ಬಾರದಂತೆ, ಯಜಮಾನರು ಗುಣವಾಗುವವರೆಗೆ ಅದನ್ನು ವಿನಾಯಿತಿ ಇರುವ ನೆಂಟರ ಮನೆಯಲ್ಲಿಯೋ ಪೊಲೀಸ್ ಠಾಣೆಯಲ್ಲಿಯೋ ಇಡಿಸಿ. ಅವರ ಅಣ್ಣನೋ ಭಾವನೋ ಬಂದು ‘ಸ್ವಲ್ಪ ದಿನ ನಮ್ಮಲ್ಲಿರಲಿ’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿ ತೆಗೆದುಕೊಂಡು ಹೋಗಲಿ, ಕದ್ದು ಸಾಗಿಸುವುದು ಬೇಡ. ತೋಟಕ್ಕೆ ಸಿಂಪಡಿಸುವ ಕಳೆನಾಶಕ, ಕೀಟನಾಶಕಗಳನ್ನು ಮನೆಯಿಂದ ದೂರದ ಗೋದಾಮಿನಲ್ಲಿಟ್ಟು ಬೀಗದ ಕೈಯನ್ನು ಬೇರೊಬ್ಬರಿಗೆ ಕೊಡಿ. ಸಾಯುವ ತುಡಿತ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ತರುವವರು ಇಂದಿಗೂ ಇದ್ದಾರೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎಂದು 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಮಾತ್ರೆ ಶುರುವಾದ ಮೇಲೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಆ ಕೆಲವು ವಾರಗಳಲ್ಲಿ ನೀವು ಹೆಚ್ಚು ಎಚ್ಚರವಾಗಿರಬೇಕು.

ಪ್ರಶ್ನೆ: ಮನಸ್ಸಿನ ಕಾಯಿಲೆಯ ಮಾತ್ರೆ ಒಮ್ಮೆ ಹಿಡಿದರೆ ಚಟವಾಗಿ, ಸಾಯುವವರೆಗೆ ಬಿಡಲಾಗುವುದಿಲ್ಲ ಎನ್ನುತ್ತಾರೆ. ನಿಜವೇ? — ಕುಶಾಲನಗರ

ಉತ್ತರ: ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಮೊದಲ ಸಲ ಖಿನ್ನತೆ ಬಂದವರಿಗೆ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸುತ್ತೇವೆ. ಚಟವಾಗಬಹುದಾದದ್ದು ಕೆಲವು ನಿದ್ರೆಮಾತ್ರೆಗಳು, ಅದರಲ್ಲಿಯೂ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ಕೊಂಡು ನುಂಗುವ ಆಲ್ಪ್ರಜೊಲಾಮ್‌ನಂಥವು. ಇವನ್ನು ಹಾಗೆ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರ ಬಳಿ ಹೋಗಿ ಹಂತಹಂತವಾಗಿ ಬಿಡಿ.

ಪ್ರಶ್ನೆ: ನಮ್ಮ ತೋಟದ ಲೈನ್‌ಮನೆಯಲ್ಲಿರುವ (ಕೆಲಸಗಾರರ ಸಾಲುಮನೆ) ಕೆಲಸಗಾರನೊಬ್ಬ ವಿಪರೀತ ಕುಡಿಯುತ್ತಾನೆ. ಅವನ ಹೆಂಡತಿಯ ಕಣ್ಣೀರು ನೋಡಲಾರದೆ, ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ ಮೂರು ದಿನ ಅವನಿಗೆ ಹನಿ ಮದ್ಯ ಸಿಗದಂತೆ ನೋಡಿಕೊಂಡೆವು. ಎರಡನೆಯ ದಿನ ಫಿಟ್ಸ್ ಬಂತು, ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಕಿರುಚಿದ. ಯಾವುದೋ ಗಾಳಿ ಸೋಂಕಿದೆ ಎಂದು ಲೈನಿನವರೆಲ್ಲ ಹೆದರಿದ್ದಾರೆ. ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿ ಸಿಗುತ್ತದೆಯಂತೆ, ಕೊಡಬಹುದೇ? — ಬೆಳೆಗಾರರು, ವಿರಾಜಪೇಟೆ ತಾಲ್ಲೂಕು

ಉತ್ತರ: ಪುಡಿಯನ್ನು ಖಂಡಿತ ಕೊಡಬೇಡಿ. ಅಂಥ ಪುಡಿಗಳಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮದ್ದು ಇದ್ದರೆ, ಅದನ್ನು ತಿಂದದ್ದೇ ಗೊತ್ತಿಲ್ಲದ ಮನುಷ್ಯ ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಆ ಮದ್ದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು.

ನೀವು ಕಂಡದ್ದು ಗಾಳಿಯಲ್ಲ, ಸೋಂಕಲ್ಲ. ವರ್ಷಗಟ್ಟಲೆ ದಿನವೂ ಕುಡಿದವರ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ನಡುಕ, ಬೆವರು. ಮೊದಲೆರಡು ದಿನಗಳಲ್ಲಿ ಫಿಟ್ಸ್. ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತೋಚದಿರುವುದು. ಕೊನೆಯದಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ನಿಮ್ಮ ಉದ್ದೇಶ ಒಳ್ಳೆಯದಿದ್ದರೂ ನೀವು ಮಾಡಿದ್ದು ಅಪಾಯದ ಕೆಲಸ ಎಂದು ಹೇಳದೆ ವಿಧಿಯಿಲ್ಲ. ಈ ಐದಾರು ದಿನ ಅವನು ಆಸ್ಪತ್ರೆಯಲ್ಲಿರಬೇಕು. ಥಯಾಮಿನ್ ಎಂಬ ಜೀವಸತ್ವದ ಇಂಜೆಕ್ಷನ್‌ನೊಂದಿಗೆ, ನಡುಕ ಮತ್ತು ಫಿಟ್ಸ್ ತಡೆಯುವ ಮಾತ್ರೆಗಳನ್ನು ದಿನಕ್ಕಿಷ್ಟು ಎಂದು ಇಳಿಸುತ್ತಾ ಬರಬೇಕು. ಹೊಟ್ಟೆಗಿಲ್ಲದೆ ಸುಸ್ತಾದವರಿಗೆ ಗ್ಲೂಕೋಸ್ ಏರಿಸುವ ಮುಂಚೆ ಥಯಾಮಿನ್ ಕೊಡಬೇಕೆಂಬುದು ಸಣ್ಣ ವಿಷಯದಂತೆ ಕಂಡರೂ, ಅದನ್ನು ಮರೆತರೆ ನೆನಪಿನ ಶಕ್ತಿಗೆ ಮತ್ತೆ ಸರಿಯಾಗದಂಥ ಪೆಟ್ಟು ಬೀಳಬಹುದು.

ದೇಹದಿಂದ ಮದ್ಯ ಇಳಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ, ಅದರಲ್ಲಿ ತೋಟದವರ ಪಾಲು ದೊಡ್ಡದು. ಎಲ್ಲಿಯಾದರೂ ಕೂಲಿಯ ಲೆಕ್ಕದೊಳಗೆ ಬಾಟಲಿ ಸೇರಿಕೊಂಡಿದ್ದರೆ, ಚಳಿಗೆ ಇರಲಿ, ಮಳೆಗೆ ಇರಲಿ ಎಂದು ಕೊಡುವ ವಾಡಿಕೆ ಇದ್ದರೆ, ಅದನ್ನು ಮೊದಲು ನಿಲ್ಲಿಸಿ. ಅವನ ಹೆಂಡತಿ ದುಡಿದ ಕೂಲಿ ಅವಳ ಕೈಗೇ, ಅವಳ ಖಾತೆಗೇ ಹೋಗಲಿ. ಆಸ್ಪತ್ರೆಗೆ ಹೋದ ದಿನದ ಹಾಜರಿ ಕಡಿಯಬೇಡಿ. ತೋಟಗಳಲ್ಲಿ ದುಡಿಯುವ ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರು, ಇವರೊಡನೆ ಮಾತನಾಡುವಾಗ ಭಾಷೆಯದೇ ದೊಡ್ಡ ತೊಡಕು. ಯರವ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿದರೆ ವೈದ್ಯರು ಹತ್ತು ನಿಮಿಷದಲ್ಲಿ ತಿಳಿದುಕೊಳ್ಳುವುದನ್ನು, ಕಳಿಸದಿದ್ದರೆ ಮೂರು ಭೇಟಿಯಲ್ಲಿಯೂ ತಿಳಿಯಲಾರರು. ‘ಆ ಜನ ಕುಡಿಯುವುದೇ ಹಾಗೆ’ ಎಂಬ ಮಾತನ್ನು ತೋಟದ ಬಂಗಲೆಗಳಲ್ಲಿ ಕೇಳಿದ್ದೇನೆ. ಕಾಡಿನ ಬದುಕು ಕಳೆದುಕೊಂಡು, ಸ್ವಂತದ್ದೆಂಬ ನೆಲವಿಲ್ಲದೆ, ಬೇರೆಯವರ ಲೈನಿನಲ್ಲಿ ತಲೆಮಾರು ಕಳೆದವರ ಬಗ್ಗೆ ಹಾಗೆ ಹೇಳುವುದು ಅನ್ಯಾಯ.

ಪ್ರಶ್ನೆ: 2018ರ ಭೂಕುಸಿತದಲ್ಲಿ ನಮ್ಮ ಮನೆ, ತೋಟ ಎರಡೂ ಹೋದವು. ಈಗ ಸರ್ಕಾರ ಕಟ್ಟಿಸಿಕೊಟ್ಟ ಬಡಾವಣೆಯಲ್ಲಿದ್ದೇವೆ. ಅತ್ತೆಗೆ 67 ವರ್ಷ. ಜೋರು ಮಳೆ ಹಿಡಿದರೆ ರಾತ್ರಿಯಿಡೀ ಮಲಗುವುದಿಲ್ಲ, ಬಾಗಿಲ ಹಿಂದೆ ಚೀಲ ಸಿದ್ಧವಾಗಿಟ್ಟುಕೊಂಡು ಕೂರುತ್ತಾರೆ. ಆಗಸ್ಟ್ ಬಂದರೆ ಅಳು. ಇಷ್ಟು ವರ್ಷದ ಮೇಲೂ ಹೀಗಾಗುತ್ತದೆಯೇ? — ಸೊಸೆ, ಮಡಿಕೇರಿ ತಾಲ್ಲೂಕು

ಉತ್ತರ: ಆಗುತ್ತದೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಆ ಆಗಸ್ಟ್‌ನಲ್ಲಿ ಗುಡ್ಡಗಳು ಕೆಸರಾಗಿ ಹರಿದದ್ದನ್ನು ಕಂಡವರಿಗೆ ಮಳೆಯ ಸದ್ದು ಮೊದಲಿನ ಮಳೆಯ ಸದ್ದಾಗಿ ಉಳಿದಿಲ್ಲ. ಆಗ ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ತಂಡಗಳು ಬಂದು ಪರಿಹಾರ ಕೇಂದ್ರಗಳಲ್ಲಿ ಆಪ್ತಸಲಹೆ ನಡೆಸಿದವು. ಆದರೆ ಕೇಂದ್ರಗಳು ಮುಚ್ಚುತ್ತವೆ, ದುಃಖ ಮುಚ್ಚುವುದಿಲ್ಲ. ಎಷ್ಟೋ ಜನರಿಗೆ ಮನೆ ಕೈಗೆ ಬಂದು, ಓಡಾಟ ಮುಗಿದು, ಕುಳಿತುಕೊಳ್ಳಲು ಹೊತ್ತು ಸಿಕ್ಕ ಮೇಲೆಯೇ ಸಂಕಟ ಮೇಲೆದ್ದು ಬರುತ್ತದೆ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಮತ್ತೆ ಕುಸಿತಗಳಾದಾಗ ಮಾಯುತ್ತಿದ್ದ ಗಾಯವನ್ನೇ ಯಾರೋ ಕೆದಕಿದಂತಾಯಿತು.

ಆ ಚೀಲವನ್ನು ತೆಗೆಸಬೇಡಿ. ಪಹಣಿ, ರೇಷನ್ ಕಾರ್ಡು, ಮಾತ್ರೆ, ಒಂದು ಸೀರೆ ಇರುವ ಚೀಲ ಮಳೆಗಾಲದಲ್ಲಿ ಬಾಗಿಲ ಬಳಿ ಇರುವುದು ವಿವೇಕವೇ ಹೊರತು ಕಾಯಿಲೆಯಲ್ಲ. ನೋಡಬೇಕಾದದ್ದು ಬೇರೆ. ಮಳೆ ಬಿಟ್ಟ ದಿನಗಳಲ್ಲಿಯೂ ಬೆಚ್ಚಿಬೀಳುತ್ತಾರೆಯೇ, ಅದೇ ದೃಶ್ಯ ಕನಸಿನಲ್ಲಿ ಮರುಕಳಿಸುತ್ತದೆಯೇ, ಹಳೆಯ ಊರಿನ ಕಡೆಯ ರಸ್ತೆಯಲ್ಲಿ ಹೋಗಲು ಒಲ್ಲೆ ಎನ್ನುತ್ತಾರೆಯೇ, ಮೊಮ್ಮಕ್ಕಳ ಮಾತಿಗೂ ನಗುವುದಿಲ್ಲವೇ? ಇವು ಇದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು. ಮಾತಿನ ಚಿಕಿತ್ಸೆಯಿಂದಲೂ ಬೇಕಿದ್ದರೆ ಮಾತ್ರೆಯಿಂದಲೂ ಇದು ಗುಣವಾಗುತ್ತದೆ, ವರ್ಷಗಳು ಕಳೆದಿದ್ದರೂ ಗುಣವಾಗುತ್ತದೆ.

ಅತ್ತೆಯವರು ಕಳೆದುಕೊಂಡದ್ದು ಮನೆಯನ್ನಷ್ಟೇ ಅಲ್ಲ. ಹಿತ್ತಿಲಲ್ಲಿ ನಿಂತು ಕೂಗಿದರೆ ಓಗೊಡುತ್ತಿದ್ದ ನೆರೆಯವರು, ತಾವೇ ನೆಟ್ಟ ಕಿತ್ತಳೆ ಗಿಡ, ಗದ್ದೆಗೆ ಹೋಗುವ ದಾರಿ ಎಲ್ಲವೂ ಹೋಗಿವೆ. ಹಳೆಯ ಊರಿನವರು ಬೇರೆ ಬೇರೆ ಬಡಾವಣೆಗಳಿಗೆ ಚದುರಿದ್ದರೆ ತಿಂಗಳಿಗೊಮ್ಮೆಯಾದರೂ ಒಬ್ಬರನ್ನೊಬ್ಬರು ಭೇಟಿಯಾಗುವ ಏರ್ಪಾಡು ಮಾಡಿ. ಆಗಸ್ಟ್‌ನ ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಸತ್ತವರ ಹೆಸರಿನಲ್ಲಿ ದೀಪ ಹಚ್ಚುವುದಾದರೆ ನೀವೂ ಪಕ್ಕದಲ್ಲಿ ನಿಲ್ಲಿ. ‘ಮರೆತುಬಿಡಿ ಅತ್ತೆ’ ಎನ್ನಬೇಡಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮಲ್ಲಿ ಮನೋವೈದ್ಯರಿಲ್ಲ, ಬರುವ ಸೂಚನೆಯೂ ಇಲ್ಲ. ಪಂಚಾಯಿತಿಯಿಂದ ಏನಾದರೂ ಸಾಧ್ಯವೇ, ಅಥವಾ ಇದು ದೊಡ್ಡ ಆಸ್ಪತ್ರೆಗಳ ಕೆಲಸವೇ? — ಪೊನ್ನಂಪೇಟೆ ತಾಲ್ಲೂಕು

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮ ಪತ್ರ. ಮನೋವೈದ್ಯರಿಲ್ಲದ ಊರಿನಲ್ಲಿ ಮಾನಸಿಕ ರೋಗಕ್ಕೆ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ರಾಜ್ಯವೇ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸಾಮಾನ್ಯ ವೈದ್ಯರಿಗೂ ತರಬೇತಿ ಕೊಟ್ಟು ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಮೇಲೆ, 1980ರ ದಶಕದ ನಡುವಿನಿಂದ, ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಈ ಚಿಕಿತ್ಸೆ ನಡೆಸಬಹುದೆಂದು ತೋರಿಸಿದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು, ಇಂದು ಕೊಡಗಿನಲ್ಲಿಯೂ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಏರ್ಪಡಿಸುವ ಕ್ರಮವೂ ಇದೆ.

ಹೀಗಿದ್ದೂ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಆ ಸಮೀಕ್ಷೆಯಲ್ಲಿ ಕರ್ನಾಟಕ ಸೇರಿರಲಿಲ್ಲವಾದರೂ ನಮ್ಮ ನೆರೆಯ ಕೇರಳ, ತಮಿಳುನಾಡು ಇದ್ದವು. ಕೊಡಗಿಗೆ ಅದರದೇ ಆದ ತೊಡಕೊಂದಿದೆ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಕೊಡಗಿನಲ್ಲಿ 135 ಮಾತ್ರ. ಮನೆಗಳು ಒತ್ತೊತ್ತಾಗಿಲ್ಲ, ತೋಟದ ನಡುವೆ ಒಂದೊಂದಾಗಿ ಹರಡಿಕೊಂಡಿವೆ. ಬಯಲುಸೀಮೆಯ ಆಶಾ ಕಾರ್ಯಕರ್ತೆ ಒಂದು ಬೀದಿಯಲ್ಲಿ ನೋಡಿ ಮುಗಿಸುವ ಮನೆಗಳನ್ನು ನೋಡಲು ನಿಮ್ಮೂರಿನ ಆಶಾ ಕಾರ್ಯಕರ್ತೆ ಜಿಗಣೆ ಕಡಿಸಿಕೊಂಡು, ಆನೆಯ ಭಯದಲ್ಲಿ, ಅರ್ಧ ದಿನ ನಡೆಯಬೇಕು. ಆದ್ದರಿಂದಲೇ ಪಂಚಾಯಿತಿಯ ನೆರವು ಇಲ್ಲಿ ಹೆಚ್ಚು ಬೇಕು.

ಮೊದಲು ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಮೂವರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು, ಯಾವ ಮನೆಯಲ್ಲಿ ಯಾರು ಮಾತ್ರೆಯಲ್ಲಿದ್ದಾರೆ, ಯಾರು ಬಿಟ್ಟಿದ್ದಾರೆ, ಯಾರು ಮನೆಯಿಂದ ಹೊರಗೇ ಬರುತ್ತಿಲ್ಲ ಎಂದು ಕೇಳಿ. ಅವರಿಗೆ ಎಲ್ಲವೂ ಗೊತ್ತಿರುತ್ತದೆ, ಇದುವರೆಗೆ ಯಾರೂ ಕೇಳಿರುವುದಿಲ್ಲ. ಆ ಹೆಸರುಗಳು ಆ ಕೋಣೆಯಿಂದ ಹೊರಗೆ ಹೋಗಬಾರದು, ಗ್ರಾಮಸಭೆಯಲ್ಲಿ ಓದುವ ಪಟ್ಟಿ ಅದಲ್ಲ. ಆದಿವಾಸಿಗಳ ಹಾಡಿಗಳನ್ನು ಮರೆಯಬೇಡಿ. ದೀರ್ಘಕಾಲದ ಮಾನಸಿಕ ಕಾಯಿಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು. ಶೇ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಸಿಗುತ್ತದೆ, ಮಾಸಾಶನಕ್ಕೂ ಅರ್ಜಿ ಹಾಕಬಹುದು. ಕಣ್ಣಿಗೆ ಕಾಣುವ ವೈಕಲ್ಯವಲ್ಲವಾದ್ದರಿಂದ ಅರ್ಹರಾದ ಎಷ್ಟೋ ಜನ ಅರ್ಜಿಯನ್ನೇ ಹಾಕಿರುವುದಿಲ್ಲ. ಈ ಕೆಲಸ ಪುನರ್ವಸತಿ ಕಾರ್ಯಕರ್ತರಿಂದ ಆಗುತ್ತದೆ.

ಆಮೇಲೆ ಒಂದು ಜೀಪು. ಅಷ್ಟೇ ಎಂದು ಹಗುರವಾಗಿ ತಿಳಿಯಬೇಡಿ. ಹಿಂದಿನ ವರ್ಷಗಳಲ್ಲಿ ನಾನು ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಹೋಗುತ್ತಿದ್ದಾಗ ಒಂದು ಊರಿನಿಂದ ಆರೇಳು ಜನ ಒಟ್ಟಿಗೇ ಜೀಪಿನಲ್ಲಿ ಬರುತ್ತಿದ್ದರು. ತಡವಾದರೆ ಒಬ್ಬರಿಗೊಬ್ಬರು ಚಹಾ ತಂದುಕೊಡುತ್ತಿದ್ದರು, ಯಾರ ಮಾತ್ರೆ ಮುಗಿದಿದೆ ಎಂಬುದು ಚಾಲಕನಿಗೂ ಗೊತ್ತಿರುತ್ತಿತ್ತು. ಆ ಊರಿನಿಂದ ಮಳೆಗಾಲದಲ್ಲಿಯೂ ಯಾರೂ ತಪ್ಪಿಸುತ್ತಿರಲಿಲ್ಲ. ತಿಂಗಳಿಗೊಂದು ಮಂಗಳವಾರ ನಿಮ್ಮ ಪಂಚಾಯಿತಿಯಿಂದ ಅಂಥದೊಂದು ಜೀಪು ಹೊರಡಲಿ. ಮುಂಭಾಗದಲ್ಲಿ ಬ್ಯಾನರ್ ಕಟ್ಟಬೇಡಿ, ಪತ್ರಿಕೆಗೆ ಫೋಟೊ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರೂ ಅದರಲ್ಲಿಯೇ ಬರಲಿ, ಆಗ ಹತ್ತುವವರಿಗೆ ಸಂಕೋಚವಿರುವುದಿಲ್ಲ. ಹೊರಡುವ ಹಿಂದಿನ ದಿನ ಆಸ್ಪತ್ರೆಗೆ ಫೋನ್ ಮಾಡಿ, ಆ ವಾರ ಮನೋವೈದ್ಯರು ಬರುತ್ತಾರೆಯೇ, ಮಾತ್ರೆಯ ದಾಸ್ತಾನು ಇದೆಯೇ ಎಂದು ಎರಡನ್ನೂ ಕೇಳಿಕೊಳ್ಳಿ.